ಬೆಕ್ಕಿನ ಕಣ್ಣಿನ ಹುಲಿ

ಬನ್ರವ್ವ, ಬನ್ರಪ್ಪ, ಹತ್ರ ಬನ್ನಿ. ಕೈ ಗೂಡು ಬಿಡಿಸ್ತಿರಲಿ, ಕಿವಿ ನನ್ನ ಕಡೆ ಇರಲಿ. ಚಂದ್ರಂಕಿ ತಟ್ಟೆ ಮೇಲಿನ ರೇಷ್ಮೆ ಗೂಡು ಎಲ್ಲೂ ಓಡಿಹೋಗಲ್ಲ, ಕಥೆ ಓಡಿಹೋಗುತ್ತೆ. ಹ್ಞೂಂ ಅನ್ನೋರಿದ್ರೆ ಹೇಳ್ತೀನಿ. ಇಲ್ದಿದ್ರೆ ಬಾಯಿ ಮುಚ್ಕೊಂಡು ಎಲೆ ಅಡಿಕೆ ಹಾಕ್ಕೋತೀನಿ. ಏ ದುಂಡಮ್ಮ, ನೀನೇ ಹ್ಞೂಂ ಅನ್ನು, ನಿನ್ನ ಗಂಟಲು ದೊಡ್ಡದು.

ಹೊತ್ತು ಹುಟ್ಟೋ ದಿಕ್ಕಿಗೆ, ನೀರಾಚೆ ನೀರು ದಾಟಿದ್ರೆ ಒಂದು ದ್ವೀಪ. ಓದಿದೋರು ಅದಕ್ಕೆ ಜಪಾನು ಅಂತಾರೆ, ನಮಗೆ ದ್ವೀಪ ಅಂದ್ರೆ ಸಾಕು. ಅಲ್ಲಿಂದ ರೇಷ್ಮೆ ಹುಳದ ಮೊಟ್ಟೆ ಬಂದಾಗ ಅದರ ಜೊತೆಗೇ ಈ ಕಥೆನೂ ಬಂತು ಅಂತಿದ್ಲು ನಮ್ಮಜ್ಜಿ. ನಿಜವೋ ಸುಳ್ಳೋ ಅವಳನ್ನೇ ಕೇಳ್ಬೇಕು, ಅವಳಿಲ್ಲ.

ಆ ದ್ವೀಪದಲ್ಲಿ ಜಿಂಕೆ ಇತ್ತು, ಕೋತಿ ಇತ್ತು, ಕರಡಿ ಇತ್ತು. ಹುಲಿ ಇರ್ಲಿಲ್ಲ. ಹುಲಿ ಇಲ್ದಿದ್ರೂ ದೊಡ್ಡೋರ ಮನೆಗೆಲ್ಲ ಹುಲಿ ಚಿತ್ರ ಬೇಕು. ಹೆಂಗೆ ಬರೆಯೋದು? ಕೇಳಿ. ನೀರಾಚೆ ಚೀನಾ ಅನ್ನೋ ದೊಡ್ಡ ದೇಶ. ಅಲ್ಲಿ ಹುಲಿನೂ ಇತ್ತು, ಹುಲಿ ಬರೆಯೋರೂ ಇದ್ರು. ಅಲ್ಲಿಂದ ಹಡಗಿನಲ್ಲಿ ಸುರುಳಿ ಸುತ್ತಿದ ಚಿತ್ರ ಬರೋವು, ಒಣಗಿದ ಹುಲಿ ಚರ್ಮ ಬರೋವು. ದ್ವೀಪದ ಚಿತ್ರಗಾರರು ನಿಲುವನ್ನ ಚಿತ್ರ ನೋಡಿ ಬರೆದ್ರು, ಪಟ್ಟೆಯನ್ನ ಚರ್ಮ ನೋಡಿ ಬರೆದ್ರು. ಕಣ್ಣು? ಚರ್ಮಕ್ಕೆ ಕಣ್ಣಿಲ್ಲ. ಹಳೇ ಚಿತ್ರದಲ್ಲಿ ಕಣ್ಣು ಮಾಸಿಹೋಗಿತ್ತು. ಅದಕ್ಕೆ ಮನೆ ಬೆಕ್ಕನ್ನ ಬಿಸಿಲಲ್ಲಿ ಕೂರಿಸಿ, ಅದರ ಕಣ್ಣು ನೋಡಿ ಹುಲಿ ಕಣ್ಣು ಬರೆದ್ರು. ಇನ್ನೊಂದು ಹೇಳ್ಲಾ? ಚುಕ್ಕೆ ಚುಕ್ಕೆ ಚಿರತೆ ಚರ್ಮನೂ ಬರ್ತಿತ್ತಲ್ಲ, ಅದು ಹುಲಿಯ ಹೆಂಡ್ತಿ ಅಂದ್ಕೊಂಡಿದ್ರು.

ನಗಬೇಡಿ. ನಿಮ್ಮ ಹಿತ್ತಿಲ ಆಚೆಗೇ ಕಾಡಿದೆ, ಅದಕ್ಕೆ ನಗ್ತೀರಿ. ಕಾಣದ ಊರಿನ ವಿಷಯ ಬಂದ್ರೆ ನಾವೂ ಹಂಗೇ ಮಾತಾಡ್ತೀವಿ.

ಆ ದ್ವೀಪದಲ್ಲಿ ತೋಬೆ ಅಂತ ಒಬ್ಬ ಚಿತ್ರಗಾರ. ಹುಲಿ ಬರೆಯೋದೇ ಅವನ ಮನೆತನದ ಕಸುಬು. ತಾತ ಎಳೆದ ಗೆರೆಯನ್ನ ಅಪ್ಪ ಎಳೆದ, ಅಪ್ಪ ಎಳೆದ ಗೆರೆಯನ್ನ ತೋಬೆ ಎಳೆದ. ಒಂದು ಕೂದಲಷ್ಟು ಆಚೀಚೆ ಆಗಬಾರದು, ಅದು ಆ ಮನೆಯ ಕಟ್ಟಳೆ. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೊಂಡ್ರು ಅಂತಾರಲ್ಲ, ಹಂಗೆ ಮೂರು ತಲೆಮಾರು ಬೆಕ್ಕಿನ ಕಣ್ಣು ಬರೆದಿದ್ದೇ ಬರೆದಿದ್ದು.

ಅವನಿಗೊಬ್ಳೇ ಮಗಳು. ಹೆಸರು ಕೀನು. ಅವರ ಮಾತಲ್ಲಿ ಕೀನು ಅಂದ್ರೆ ರೇಷ್ಮೆ. ತಾಯಿ ಸತ್ತಿದ್ಲು. ಅಪ್ಪನಿಗೆ ಅವಳು, ಅವಳಿಗೆ ಅಪ್ಪ. ಅವಳೂ ಕುಂಚ ಹಿಡೀತಿದ್ಲು. ಆದ್ರೆ ಹುಲಿ ಮುಟ್ಟೋಕೆ ಅಪ್ಪ ಬಿಡ್ತಿರ್ಲಿಲ್ಲ, "ನೀನು ಹುಳ ಹುಪ್ಪಟೆ ಬರಿ ಹೋಗು" ಅಂತಿದ್ದ. ಅವಳು ಹುಳ ಬರೆದ್ಲು. ಎಲೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಹುಳ ಎಲೆ ತಿನ್ನೋದು ನೋಡಿ, ಅದು ತಿಂದ ತೂತನ್ನೂ ಬಿಡದೆ ಬರೆದ್ಲು. ಕಣ್ಣಾರೆ ನೋಡದ್ದನ್ನ ಅವಳ ಕೈ ಬರೀತಾನೇ ಇರ್ಲಿಲ್ಲ.

ಈಗ ಆ ಸೀಮೆಯ ದೊರೆ ವಿಷಯಕ್ಕೆ ಬರ್ತೀನಿ. ದುಂಡಮ್ಮ, ಹ್ಞೂಂ ಅನ್ನೋದು ಮರೀಬೇಡ.

ಆ ದೊರೆ ಬಲು ಕೆಟ್ಟೋನು. ಕೂಗಾಡೋ ಕೆಟ್ಟೋನಲ್ಲ, ಮೆತ್ತಗೆ ಮಾತಾಡೋ ಕೆಟ್ಟೋನು. ನ್ಯಾಯ ಹೇಳೋ ಚಾವಡಿಯಲ್ಲಿ ಎತ್ತರದ ಜಗಲಿ ಮೇಲೆ ಕೂರೋನು. ಬೆನ್ನ ಹಿಂದೆ ತೋಬೆ ಬರೆದ ಹುಲಿ ತೆರೆ, ಮಡಚೋ ಬಾಗಿಲಿನಂಗೆ ಆರು ಮಡಿಕೆದು, ಬಿಚ್ಚಿ ನಿಲ್ಲಿಸಿರೋದು. ಎದುರಿಗೆ ಬಂದೋರು ಹುಲಿ ನೋಡಿ ಹೆದರಿ ಕೇಳಿದ್ದಕ್ಕೆಲ್ಲ ಹೂಂ ಅನ್ಬೇಕು, ಅದು ಅವನ ಲೆಕ್ಕಾಚಾರ. ಜನ ಹೆದರ್ತಿದ್ರು, ಸುಳ್ಳಲ್ಲ.

ಅವನಿಗೊಂದು ಚಟ ಇತ್ತು. ಆ ದೇಶದಲ್ಲಿ ನಾವು ಗಿಳಿ ಸಾಕಿದಂಗೆ ಜೀರುಂಡೆ ಸಾಕ್ತಾರೆ, ಪುಟ್ಟ ಬಿದಿರ ಪಂಜರದಲ್ಲಿಟ್ಟು ಅದರ ಹಾಡು ಕೇಳ್ತಾರೆ. ದೊರೆನೂ ತರಿಸ್ತಿದ್ದ. ಮಾರೋನು ತಂದಾಗ ಜೀರುಂಡೆ ಕಿವಿ ತೂತಾಗೋ ಹಂಗೆ ಹಾಡೋದು. ದೊರೆ ಹತ್ರ ಬಂದ್ರೆ ಮೂಕ. "ಮೂಕ ಹುಳ ಮಾರಿ ನನಗೇ ಮೋಸ ಮಾಡ್ತೀಯಾ" ಅಂತ ಮಾರಿದೋನಿಗೆ ಛಡಿ ಏಟು. ಹಿಂಗೆ ಬೆನ್ನು ಸುಲಿಸ್ಕೊಂಡೋರು ಎಷ್ಟೋ ಜನ.

ಒಂದು ಸಲ ಚೀನಾ ದೇಶದಿಂದ ಒಬ್ಬ ಅತಿಥಿ ಬಂದ. ದೊಡ್ಡ ಮನುಷ್ಯ, ದೊಡ್ಡ ಹೊಟ್ಟೆ. ಚಾವಡಿಯಲ್ಲಿ ಕೂತು ಹುಲಿ ತೆರೆ ನೋಡಿದ. ಎದ್ದು ಹತ್ರ ಹೋಗಿ ಕಣ್ಣು ನೋಡಿದ. ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕ.

"ದೊರೆ, ಇದಕ್ಕೆ ದಿನಾ ಹಾಲು ಹಾಕ್ತೀರಾ?"

"ಏನಂದ್ರಿ?" ಅಂದ ದೊರೆ.

"ಹುಲಿ ಕಣ್ಣ ಪಾಪೆ ಗುಂಡಗಿರುತ್ತೆ. ಇದರ ಪಾಪೆ ನೋಡಿ, ಬತ್ತದ ಕಾಳು ನಿಲ್ಲಿಸಿದಂಗೆ ಸೀಳಿದೆ. ಇದು ಬೆಕ್ಕು. ನೀವು ಬೆಕ್ಕಿನ ಮುಂದೆ ಕೂತು ರಾಜ್ಯ ಆಳ್ತಿದ್ದೀರಿ."

ಸುತ್ತ ಇದ್ದೋರು ಯಾರೂ ನಗಲಿಲ್ಲ. ಆದ್ರೆ ನಗು ತಡ್ಕೊಂಡಿದ್ದು ದೊರೆಗೆ ಕಾಣ್ತು. ಅವನಿಗೆ ಅಷ್ಟೇ ಸಾಕಾಯ್ತು.

ಅತಿಥಿ ಹಡಗು ಹತ್ತಿದ ದಿನವೇ ತೋಬೆನ ಕಟ್ಟಿ ತಂದ್ರು. ಹಿಂದೆ ಕೀನು ಓಡಿ ಬಂದ್ಲು. ಚಾವಡಿ ಮಧ್ಯೆ ಕೆಂಡದ ಅಗ್ಗಿಷ್ಟಿಕೆ, ಅದರಲ್ಲಿ ಒಂದು ಕಬ್ಬಿಣದ ಸಲಾಕೆ. ಅದು ಯಾಕೆ ಅಂತ ಕೀನುಗೆ ತಕ್ಷಣ ಅರ್ಥ ಆಯ್ತು.

"ತೋಬೆ," ಅಂದ ದೊರೆ, ಮೆತ್ತಗೆ, "ಕಣ್ಣು ತಪ್ಪು ಬರೆಯೋನಿಗೆ ಕಣ್ಣು ಯಾಕಪ್ಪ?"

ಕೀನು ಹೋಗಿ ದೊರೆ ಕಾಲ ಬುಡದಲ್ಲಿ ಬಿದ್ಲು.

"ಬುದ್ಧಿ, ನಾನು ಬರ್ದುಕೊಡ್ತೀನಿ. ಸರಿಯಾದ ಹುಲಿ ಬರ್ದುಕೊಡ್ತೀನಿ. ನಮ್ಮಪ್ಪನ್ನ ಬಿಟ್ಬಿಡಿ."

"ನೀನು ಹುಲಿ ನೋಡಿದ್ದೀಯೇನಮ್ಮ?"

"ಇಲ್ಲ ಬುದ್ಧಿ."

ದೊರೆ ಸಲಾಕೆ ಕಡೆ ನೋಡಿದ. "ಕೊಯ್ಲಿನ ಹೊತ್ತಿಗೆ ಆ ಅತಿಥಿ ಮತ್ತೆ ಬರ್ತಾನೆ. ನಿನ್ನ ತೆರೆ ನೋಡಿ ಅವನು ಬೆವರಬೇಕು. ಬೆವರಿದ್ರೆ ನಿಮ್ಮಪ್ಪನ್ನ ಮನೆಗೆ ಕರ್ಕೊಂಡು ಹೋಗು. ನಕ್ಕರೆ, ಈ ಸಲಾಕೆ ಅಲ್ಲಿವರೆಗೂ ಇಲ್ಲೇ ಇರುತ್ತೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತೋಬೆನ ಸೆರೆಗೆ ಹಾಕಿದ್ರು. ಹೋಗೋವಾಗ ಅವನು ಮಗಳ ಕಡೆ ತಿರುಗಿ, "ಕಂದ, ಬೆಕ್ಕಿಗೆ ಹಿಟ್ಟು ಹಾಕು" ಅಂದ. ಹೆದರಿಕೆಯಲ್ಲಿ ಮನುಷ್ಯ ಏನೇನೋ ಅಂತಾನೆ.

ಕೀನು ಏನು ಮಾಡ್ಬೇಕು ಹೇಳಿ. ನಾನಾಗಿದ್ರೆ ಅತ್ಕೊಂಡು ಮೂಲೆ ಹಿಡೀತಿದ್ದೆ. ಅವಳೂ ಅತ್ತಳು. ಅತ್ತು ಮುಗಿಸಿ ಹುಲಿ ಹುಡುಕೋಕೆ ಹೊರಟ್ಲು.

ಮೊದಲು ಎಲ್ಲಿಗೆ ಹೋದ್ಲು? ಹುಲಿ ಚರ್ಮದ ಹತ್ರ ಹೋದ್ಲು. ಒಬ್ಬ ಸಾಹುಕಾರನ ಉಗ್ರಾಣದಲ್ಲಿತ್ತು. ತೂಗುಹಾಕಿದ್ರು. ಮುಟ್ಟಿದ್ಲು, ಮೂಸಿದ್ಲು, ಪಟ್ಟೆ ಮೇಲೆ ಬೆರಳಾಡಿಸಿದ್ಲು. ಕಣ್ಣಿರೋ ಜಾಗದಲ್ಲಿ ಎರಡು ತೂತು. ಆ ತೂತಿನಿಂದ ಆಚೆ ಗೋಡೆ ಕಾಣ್ತಿತ್ತು. ನೋಡ್ತಾ ನೋಡ್ತಾ ಅವಳಿಗೆ ಅಪ್ಪನ ಮುಖದಲ್ಲಿ ಅಂಥವೇ ಎರಡು ತೂತು ಕಂಡಂಗಾಯ್ತು. ಅಲ್ಲಿ ನಿಲ್ಲಲಾರದೆ ಆಚೆಗೆ ಬಂದ್ಬಿಟ್ಲು.

ಆಮೇಲೆ ಎಲ್ಲಿಗೆ ಹೋದ್ಲು? ಹುಲಿ ಕಂಡೋನ ಹತ್ರ ಹೋದ್ಲು. ಬಂದರಿನಲ್ಲಿ ಒಬ್ಬ ಮುದುಕ ಇದ್ದ, ಚೀನಾ ಹಡಗಿನಲ್ಲಿ ದುಡಿದೋನು. ಅವನ ಗುಡಿಸಲ ಸೂರಲ್ಲೂ ಒಂದು ಜೀರುಂಡೆ ಪಂಜರ.

"ತಾತ, ನೀನು ಹುಲಿ ನೋಡಿದ್ಯಂತೆ. ಅದರ ಕಣ್ಣು ಹೆಂಗಿತ್ತು ಹೇಳು."

ಮುದುಕ ಬಲೆ ಹೊಲೀತಾ ಇದ್ದ, ಕೈ ನಿಂತ್ಹೋಯ್ತು. "ಕಣ್ಣು ಯಾರು ನೋಡಿದ್ರವ್ವ? ನೀರು ತುಂಬೋಕೆ ಅಂತ ಕಾಡಿಗಿಳಿದಿದ್ವಿ. ಕಿವಿ ಗುಂಯ್ ಅನ್ನೋ ಅಷ್ಟು ಜೀರುಂಡೆ ಸದ್ದು. ಇದ್ದಕ್ಕಿದ್ದಂಗೆ ನಿಂತೋಯ್ತು. ಎಲ್ಲ ಒಟ್ಟಿಗೆ. ಕೊಂಬೆ ಮೇಲೊಂದು ಕೋತಿ, ಮರಿಯನ್ನ ಹೊಟ್ಟೆಗವಚ್ಕೊಂಡು ನನ್ನ ಬೆನ್ನ ಹಿಂದಕ್ಕೆ ನೋಡ್ತಿತ್ತು. ನನ್ನನ್ನಲ್ಲ, ನನ್ನ ಬೆನ್ನ ಹಿಂದಕ್ಕೆ. ನನಗೆ ತಿರುಗೋಕೆ ಧೈರ್ಯ ಬರ್ಲಿಲ್ಲ. ನನ್ನ ಜೊತೆಯೋನು ತಿರುಗಿದ."

"ಆಮೇಲೆ?"

"ಆಮೇಲೆ ನಾನೊಬ್ನೇ ಹಡಗಿಗೆ ಬಂದೆ."

ಅಷ್ಟು ಹೇಳಿ ಮುದುಕ ಮತ್ತೆ ಬಲೆ ಹಿಡಿದ. ಇಷ್ಟು ವರ್ಷ ಆದ್ಮೇಲೂ ಅವನ ಕುತ್ತಿಗೆ ನರ ಹೊಡ್ಕೊಳ್ತಿತ್ತು, ಕೀನು ಅದನ್ನ ನೋಡಿದ್ಲು. ಮಾದಯ್ಯ, ನಿನ್ನ ಹಸು ಹುಲಿ ಪಾಲಾದ ದಿನ ನೀನೂ ಇದೇ ಮಾತು ಹೇಳಿದ್ದೆ, ಕಾಡಿಗೆ ಕಾಡೇ ಬಾಯಿ ಕಟ್ಕೊಂಡಂಗಾಯ್ತು ಅಂತ. ಹೌದೋ ಅಲ್ವೋ? ತಲೆ ಅಲ್ಲಾಡಿಸಿದ್ರೆ ಸಾಕು.

ಕೊನೆಗೆ ಎಲ್ಲಿಗೆ ಹೋದ್ಲು? ಅಪ್ಪನ್ನ ನೋಡೋಣ ಅಂತ ಅರಮನೆಗೆ ಹೋದ್ಲು. ಸೆರೆ ನೋಡೋಕೆ ಅಪ್ಪಣೆ ಬೇಕು. ಅಪ್ಪಣೆಗೆ ಚಾವಡಿಯಲ್ಲಿ ಕಾಯ್ಬೇಕು. ನ್ಯಾಯಕ್ಕೆ ಬಂದೋರ ಜೊತೆ ಅವಳೂ ನೆಲದ ಮೇಲೆ ಕೂತ್ಲು. ಒಬ್ಬ ರೈತ ಇದ್ದ. ಮಡಿಲಲ್ಲಿ ಕೂಸಿಟ್ಕೊಂಡ ಒಬ್ಬ ಹೆಂಗಸಿದ್ಲು. ಹೊಸ ಪಂಜರ ತಂದ ಜೀರುಂಡೆ ಮಾರೋನಿದ್ದ. ಎಲ್ಲ ಪಿಸುಪಿಸು ಮಾತಾಡ್ತಿದ್ರು. ಜೀರುಂಡೆ ಹಾಡ್ತಿತ್ತು.

ಒಳಗೆ ಹಲಗೆ ಮೇಲೆ ಹೆಜ್ಜೆ ಸದ್ದಾಯ್ತು. ದೊರೆ ಬರ್ತಿದ್ದ.

ಜೀರುಂಡೆ ನಿಂತೋಯ್ತು.

ರೈತನ ಕೈ ತಾನಾಗೇ ಎದೆ ಹತ್ರ ಮಡಚ್ಕೊಳ್ತು. ಹೆಂಗಸು ಕೂಸನ್ನ ಸೆರಗೊಳಗೆ ಎಳ್ಕೊಂಡ್ಲು. ಮಾರೋನ ಕಣ್ಣು ಹೆಜ್ಜೆ ಸದ್ದು ಬಂದ ಬಾಗಿಲಿಗೆ ನೆಟ್ಟುಹೋಯ್ತು, ರೆಪ್ಪೆ ಬಡೀಲಿಲ್ಲ. ಕೀನು ಆ ಮುಖಗಳನ್ನ ನೋಡಿದ್ಲು. ಎಲೆ ತಿನ್ನೋ ಹುಳ ನೋಡಿದಂಗೆ ಒಂದೂ ಬಿಡದೆ ನೋಡಿದ್ಲು. ತನ್ನ ಕೈನೂ ಎದೆ ಹತ್ರ ಮಡಚ್ಕೊಂಡಿದ್ದು ಆಮೇಲೆ ಗೊತ್ತಾಯ್ತು. ಅವತ್ತು ಅಪ್ಪನ್ನ ನೋಡೋಕೆ ಅಪ್ಪಣೆ ಸಿಗಲಿಲ್ಲ. ಅವಳು ಮನೆಗೆ ಬಂದು ದೀಪದ ಕಪ್ಪಿಗೆ ಅಂಟು ಸೇರಿಸಿ ಮಸಿ ಅರೆಯೋಕೆ ಕೂತ್ಲು.

ಏನು ಬರೆದ್ಲು ಅಂತ ಈಗಲೇ ಹೇಳಲ್ಲ. ಬೈಕೊಳ್ಳಿ ಬೇಕಾದ್ರೆ. ಬರೆಯೋವಾಗ ಬಾಗಿಲು ಹಾಕ್ಕೊಂಡಿದ್ಲು. ಬರೀತಾ ಬರೀತಾ ತನ್ನ ಬೆನ್ನ ಹಿಂದೆ ಯಾರೋ ನಿಂತಂಗಾಗಿ ಕುಂಚ ಕೆಳಗಿಟ್ಟು ತಿರುಗಿ ನೋಡೋಳು. ಬೆಕ್ಕು ಮಲಗಿರೋದು. ಮತ್ತೆ ಕುಂಚ ತಗೊಳ್ಳೋಳು. ಈ ಚಿತ್ರ ದೊರೆಗೆ ತೋರಿಸಿದ್ರೆ ಅಪ್ಪನ ಕಣ್ಣಲ್ಲ, ಇಬ್ಬರ ತಲೆನೂ ಹೋಗಬಹುದು ಅಂತ ಅವಳಿಗೆ ಗೊತ್ತಿತ್ತು. ಸುಳ್ಳು ಹುಲಿ ಬರೆದ್ರೆ ಅತಿಥಿ ನಗ್ತಾನೆ. ನಿಜ ಬರೆದ್ರೆ ದೊರೆ ಕೊಲ್ತಾನೆ. ಇತ್ತ ದರಿ, ಅತ್ತ ಪುಲಿ ಅಂತಾರಲ್ಲ, ಅವಳ ಪಾಡು ಅದೇ ಆಯ್ತು. ಆದ್ರೂ ಬರೆದ್ಲು, ಯಾಕಂದ್ರೆ ಅವಳ ಕೈಗೆ ಬೇರೆ ಬರೆಯೋಕೆ ಬರ್ತಿರ್ಲಿಲ್ಲ.

ಕೊಯ್ಲು ಬಂತು. ಅತಿಥಿ ಬಂದ. ಅಗ್ಗಿಷ್ಟಿಕೆಗೆ ಹೊಸ ಕೆಂಡ ಹಾಕಿದ್ರು. ತೋಬೆನ ತಂದು ಅದರ ಪಕ್ಕ ಮಂಡಿಯೂರಿಸಿದ್ರು. ಗಡ್ಡ ಬೆಳೆದು ಸೊರಗಿಹೋಗಿದ್ದ. ಆಳುಗಳು ಮಡಚಿದ ತೆರೆ ಹೊತ್ಕೊಂಡು ಬಂದ್ರು.

"ಹಳೇದು ಇದ್ದ ಕಡೆ, ನನ್ನ ಬೆನ್ನ ಹಿಂದೆ ಇಡಿ" ಅಂದ ದೊರೆ.

"ಬುದ್ಧಿ," ಅಂದ್ಲು ಕೀನು. "ಈ ಸಲ ಎದುರಿಗಿಡೋಕೆ ಹೇಳಿ. ಹುಲಿ ನಿಜವೋ ಅಲ್ವೋ ಅಂತ ಬುದ್ಧಿಯೋರೂ ನೋಡ್ಬೇಕಲ್ಲ."

ಸರಿ ಅಂದ ದೊರೆ. ಅತಿಥಿಗೆ ತನ್ನ ಪಕ್ಕದಲ್ಲೇ ಆಸನ ಹಾಕಿಸಿದ. ಆಳುಗಳು ಎದುರಿನ ಗೋಡೆಗೆ ತೆರೆ ನಿಲ್ಲಿಸಿ ಮಡಿಕೆ ಬಿಚ್ಚಿದ್ರು.

ಮೊದಲ ಮಡಿಕೆಯಲ್ಲಿ ಹುಲ್ಲು. ಹುಲ್ಲಿನ ಮೇಲೆ ಕೈ ಮುಗಿದಂಗೆ ಮುಂಗಾಲು ಮಡಚ್ಕೊಂಡಿರುತ್ತಲ್ಲ, ಆ ಹಸುರು ಹುಳ. ಕತ್ತು ಈ ಕಡೆ ತಿರುಗಿದೆ. ಆಮೇಲೆ ಜೀರುಂಡೆ, ರೆಕ್ಕೆ ಅರ್ಧ ಎತ್ತಿ ಹಾಡ್ತಾ ಹಾಡ್ತಾ ಅಲ್ಲೇ ಬಿಟ್ಟದ್ದು. ಎಲೆ ಅಡಿಗೆ ಮೆತ್ಕೊಂಡ ಚಿಟ್ಟೆ. ನೀರು ಕುಡಿಯೋ ಜಿಂಕೆ, ಮೂತಿಯಿಂದ ಇನ್ನೂ ಹನಿ ಬೀಳ್ತಿದೆ, ತಲೆ ಎತ್ತಿದೆ. ಕೊಂಬೆ ಮೇಲೆ ಕೋತಿ, ಮರಿಯನ್ನ ಹೊಟ್ಟೆಗೆ ಅವಚಿದೆ. ಕೊನೇ ಮಡಿಕೆಯಲ್ಲಿ ಹಾರೋಕೆ ಆಗದೆ ಒಂದೇ ಕಾಲಲ್ಲಿ ನಿಂತ ಕೊಕ್ಕರೆ. ಅಷ್ಟರ ಕಣ್ಣೂ ಒಂದೇ ಕಡೆ. ಆರು ಮಡಿಕೆಯಲ್ಲಿ ಹುಡುಕಿದ್ರೂ ಹುಲಿಯ ಒಂದು ಮೀಸೆ ಕೂದಲಿಲ್ಲ.

"ಹುಲಿ ಎಲ್ಲಿ?" ಅಂದ ದೊರೆ.

ಕೀನು ಹಲ್ಲು ಕಚ್ಕೊಂಡು ನಿಂತಿದ್ಲು. ಕೆಂಡ ಚಟ್ ಅಂತು.

"ಹುಲಿ ಎಲ್ಲಿ ಅಂತ ಕೇಳ್ದೆ."

ಅತಿಥಿ ನಗಲಿಲ್ಲ. ಹಣೆ ಮೇಲೆ, ಮೂಗಿನ ಮೇಲೆ ಬೆವರು. ಮೆಲ್ಲಗೆ ಎದ್ದು ದೊರೆ ಪಕ್ಕದಿಂದ ದೂರ ಸರಿದ.

"ದೊರೆ, ನಾನು ಹುಡುಗನಾಗಿದ್ದಾಗ ಒಂದು ಸಲ ಹುಲಿ ಎದುರಿಗೆ ಸಿಕ್ಕಿದ್ದೆ. ಕಾಡು ಹಿಂಗೇ ಇತ್ತು. ಹುಲಿ ಇಲ್ಲೇ ಇದೆ."

ಹಂಗಂದು ಆ ಪ್ರಾಣಿಗಳು ಎತ್ತ ನೋಡ್ತಿದ್ವೋ ಅತ್ತ ನೋಡಿದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಂಗೆ ದೊರೆ ಸರಕ್ಕನೆ ಹಿಂದಕ್ಕೆ ತಿರುಗಿದ. ಹಿಂದೆ ಬರೀ ಬಿಳೀ ಗೋಡೆ.

ದೊರೆ ಎದ್ದು ಎಡಕ್ಕೆ ಹೋಗಿ ನಿಂತ. ಕೋತಿ ಅವನನ್ನೇ ನೋಡ್ತಿತ್ತು. ಬಲಕ್ಕೆ ಹೋಗಿ ನಿಂತ. ಜಿಂಕೆ ಅವನನ್ನೇ ನೋಡ್ತಿತ್ತು. ಬಾಗಿಲ ತನಕ ಹೋಗಿ ತಿರುಗಿ ನೋಡಿದ. ಅಲ್ಲಿಗೂ ಅಷ್ಟೂ ಕಣ್ಣು ಬಂದಿದ್ವು. ನೇರ ನೋಡೋ ಕಣ್ಣು ಬರೆದ್ರೆ ಅದು ನೋಡೋನ ಬೆನ್ನು ಬಿಡಲ್ಲ, ಚಿತ್ರ ಬರೆಯೋರಿಗೆಲ್ಲ ಗೊತ್ತು. ದೊರೆಗೆ ಗೊತ್ತಿರ್ಲಿಲ್ಲ.

"ಏನು ಬರೆದಿದ್ದೀಯ ಹೆಣ್ಣೇ?" ಅಂದ. ಆ ಮೆತ್ತಗಿನ ದನಿ ಈಗ ಬಿರುಕು ಬಿಟ್ಟಿತ್ತು.

"ಬುದ್ಧಿ, ಹುಲಿ ನಾನು ನೋಡಿಲ್ಲ. ನೋಡದ್ದನ್ನ ಬರೆದು ನಮ್ಮಪ್ಪ ಕೆಟ್ಟ. ಅದಕ್ಕೆ ನೋಡಿದ್ದನ್ನ ಮಾತ್ರ ಬರೆದೆ."

"ಎಲ್ಲಿ ನೋಡಿದೆ?"

ಕೀನು ಅಪ್ಪನ ಮುಖ ನೋಡಿದ್ಲು. ಸಲಾಕೆ ನೋಡಿದ್ಲು. ಇನ್ನು ಹೆದರೋಕೆ ಜಾಗ ಉಳಿದಿರ್ಲಿಲ್ಲ.

"ಇಲ್ಲೇ ಬುದ್ಧಿ. ಈ ಚಾವಡಿಯಲ್ಲೇ. ನಿಮ್ಮ ಹೆಜ್ಜೆ ಸದ್ದು ಕೇಳಿದಾಗ."

ಚಾವಡಿಯಲ್ಲಿದ್ದ ಜನ ಆಗ ತೆರೆಯನ್ನ ಸರಿಯಾಗಿ ನೋಡಿದ್ರು. ಮುಂಗಾಲು ಮಡಚಿದ ಹುಳದಲ್ಲಿ ಆ ರೈತ ಕಂಡ. ಕೋತಿಯ ಕಣ್ಣಲ್ಲಿ ಕೂಸಿನ ತಾಯಿ ಕಂಡ್ಲು. ಒಬ್ಬೊಬ್ಬರಿಗೂ ಅವರವರು ಕಂಡ್ರು. ತಲೆ ತಗ್ಗಿಸಿದ್ದೋರೆಲ್ಲ ಮೆಲ್ಲಗೆ ತಲೆ ಎತ್ತಿ ದೊರೆ ಕಡೆ ನೋಡಿದ್ರು.

ಈಗ ದೊರೆ ಏನು ಮಾಡ್ಬೇಕು? ಚಿತ್ರ ಸುಳ್ಳು ಅಂದ್ರೆ ಬೆವರಿದ ಅತಿಥಿ ಎದುರಿಗಿದ್ದಾನೆ. ನಿಜ ಅಂದ್ರೆ ಹುಲಿ ಯಾರು ಅಂತ ತಾನೇ ಒಪ್ಕೊಂಡಂಗಾಯ್ತು. ಆ ಹೆಣ್ಣಿನ ದರಿ, ಆ ಹೆಣ್ಣಿನ ಪುಲಿ, ಎರಡೂ ಎದ್ದುಬಂದು ಅವನ ಎರಡು ಪಕ್ಕ ಕೂತ್ಕೊಂಡ್ವು.

"ಅತಿಥಿಗಳು ಬೆವರಿದ್ದಾರೆ ಬುದ್ಧಿ," ಅಂದ್ಲು ಕೀನು. "ನೀವೇ ಹೇಳಿದ ಮಾತು."

ದೊರೆ ಅತಿಥಿ ಕಡೆ ನೋಡಿದ, ಜನದ ಕಡೆ ನೋಡಿದ. ಕೊನೆಗೆ ಕೈಸನ್ನೆ ಮಾಡ್ದ. ತೋಬೆಯ ಕಟ್ಟು ಬಿಚ್ಚಿದ್ರು. ಸಲಾಕೆ ತೆಗೆದು ನೀರಿಗೆ ಹಾಕಿದ್ರು, ಚುಂಯ್ ಅಂತು.

ಅಪ್ಪ ಮಗಳು ಕೈ ಕೈ ಹಿಡ್ಕೊಂಡು ಮನೆ ದಾರಿ ಹಿಡಿದ್ರು. ಮನೆ ಬಾಗಿಲಲ್ಲಿ ಬೆಕ್ಕು ಬಿಸಿಲು ಕಾಯಿಸ್ಕೊಂಡು ಬಿದ್ದಿತ್ತು, ಪಾಪೆ ಬತ್ತದ ಕಾಳಿನಂಗೆ ಸೀಳಿತ್ತು. ತೋಬೆ ಅದರ ಮುಂದೆ ಕುಕ್ಕರಿಸಿ, "ಮೂರು ತಲೆಮಾರು ನಿನ್ನ ನಂಬಿದ್ವಲ್ಲೇ ಮುಂಡೇದೇ" ಅಂದು ತಲೆ ಸವರಿದ. ಆಮೇಲೆ ಮಗಳ ಮುಖ ನೋಡಿದ. ಇನ್ನೂ ಇರೋ ಆ ಕಣ್ಣಲ್ಲಿ ನೋಡ್ತಾನೇ ಇದ್ದ.

ಅಲ್ಲಿ ಅರಮನೆಯಲ್ಲಿ? ಕೇಳಿ, ಅದೂ ಇದೆ. ತೆರೆಗೆ ಬಟ್ಟೆ ಮುಚ್ಚಿಸಿದ್ರು. ಬಟ್ಟೆ ಮುಚ್ಚಿದ್ರೂ ದೊರೆ ಕೂತಲ್ಲೇ ಹಿಂದಕ್ಕೆ ತಿರುಗಿ ನೋಡೋದು ನಿಲ್ಲಲಿಲ್ಲ. ಮಾರನೇ ಬೆಳಗ್ಗೆ ಅಂಗಳದಲ್ಲಿ ಜೀರುಂಡೆ ಹಾಡ್ತಿತ್ತು, ಅವತ್ತು ಚಾವಡಿಯಲ್ಲಿ ಕೂತಿದ್ದ ಆ ಮಾರೋನು ತಂದ ಪಂಜರದ್ದೇ. ದೂರದಿಂದ ಆ ದನಿ ಕೇಳಿ ದೊರೆ ನಿಂತ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೆಲ್ಲಗೆ ಬಂದ. ಜೀರುಂಡೆ ನಿಂತೋಯ್ತು. ಹಿಂದಕ್ಕೆ ಹೋದ. ಹಾಡ್ತು. ಉಸಿರು ಬಿಗಿಹಿಡಿದು ಮತ್ತೆ ಬಂದ. ನಿಂತೋಯ್ತು. ಕೊನೆಗೆ ಪಂಜರದ ಪಕ್ಕದಲ್ಲೇ ನೆಲದ ಮೇಲೆ ಕೂತು, "ಹಾಡು, ನಾನೇನೂ ಮಾಡಲ್ಲ" ಅಂದ. ಹೊತ್ತು ಇಳಿಯೋ ತನಕ ಕೂತಿದ್ದ. ಹುಳ ಮೂಕ ಅಲ್ಲ, ಮಾರೋರು ಮೋಸಗಾರರಲ್ಲ ಅಂತ ಅವನಿಗೆ ಅವತ್ತು ಗೊತ್ತಾಯ್ತು.

ಅದು ಕೊನೆಗೂ ಹಾಡ್ತಾ ಅಂತ ಕೇಳ್ತೀಯಾ ದುಂಡಮ್ಮ? ಪಂಜರದೊಳಗಿದ್ದಿದ್ದು ಅದು. ಹಾಡೋದೂ ಬಿಡೋದೂ ಅದರ ಇಷ್ಟ.

ನನ್ನ ಕಥೆ ಗೂಡು ಕಟ್ಟಿ ಮುಗೀತು, ನಿಮ್ಮ ಗೂಡು ಬುಟ್ಟಿ ಸೇರಲಿ. ಕೇಳಿದೋರ ಮನೆ ಸೂರಲ್ಲಿ ಜೀರುಂಡೆ ಹಾಡ್ತಿರಲಿ. ಯಾರಾದ್ರೂ ಬಂದಾಗ ಅದು ಸುಮ್ಮನಾದ್ರೆ, ಬಂದೋರು ಯಾರು ಅಂತ ಒಂದು ಸಲ ನೋಡ್ಕೊಳ್ಳಿ.